ಸೂಪರ್‌ಮ್ಯಾನ್ ಹುಟ್ಟಿದ್ದು ಒಂದು ಹೈಸ್ಕೂಲಿನಲ್ಲಿ

ನಮ್ಮ ಪ್ರೌಢಶಾಲೆಗೆ ಐವತ್ತು ತುಂಬಿದ ಈ ಸಂಭ್ರಮದ ಸ್ಮರಣ ಸಂಚಿಕೆಗೆ ಇತಿಹಾಸದ ಲೇಖನವೊಂದು ಬೇಕು ಎಂದು ಸಂಪಾದಕ ಸಮಿತಿಯವರು ಫೋನ್ ಮಾಡಿದರು. ಊರಿನ ಇತಿಹಾಸ, ಶಾಲೆಗೆ ಜಾಗ ಕೊಟ್ಟವರ ಇತಿಹಾಸ, ಕಟ್ಟಡ ಎದ್ದ ಇತಿಹಾಸವನ್ನು ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ಬರೆಯುತ್ತಾರೆ. ನನಗೆ ಸರಿಯಾಗಿ ಗೊತ್ತಿರುವ ಇತಿಹಾಸ ಒಂದೇ: ಕಾಮಿಕ್ಸ್ ಪುಸ್ತಕಗಳದ್ದು. ನಲವತ್ತು ವರ್ಷಗಳಿಂದ ಬಿಡದೆ ಓದುತ್ತಾ ಬಂದಿದ್ದೇನೆ. ಮೈಗಂಟಿದ ಬಟ್ಟೆ ತೊಟ್ಟು ಕಟ್ಟಡದಿಂದ ಕಟ್ಟಡಕ್ಕೆ ಹಾರುವವರ ಕಥೆಯನ್ನು ಈ ವಯಸ್ಸಿನಲ್ಲಿ ಓದುವುದೇ ಎಂದು ಮನೆಯಲ್ಲಿ ನಗುತ್ತಾರೆ. ನಗಲಿ. ಆದರೆ ಒಂದು ಹೈಸ್ಕೂಲಿನ ಸುವರ್ಣ ಮಹೋತ್ಸವದ ಪುಸ್ತಕದಲ್ಲಿ ಈ ವಿಷಯಕ್ಕೆ ಜಾಗ ಕೇಳುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ಯಾಕೆಂದರೆ ಈ ಮಹಾವೀರರೆಲ್ಲರ ಮೂಲಪುರುಷನನ್ನು ಸೃಷ್ಟಿಸಿದವರು ಒಂದು ಸಾಮಾನ್ಯ ಸಾರ್ವಜನಿಕ ಹೈಸ್ಕೂಲಿನ ಇಬ್ಬರು ಬಡ ಹುಡುಗರು. ಅವರು ಜೊತೆಯಾದದ್ದು ಆ ಶಾಲೆಯಲ್ಲೇ.

ಆ ಇಬ್ಬರ ಕಥೆಗೆ ಹೋಗುವ ಮೊದಲು, ಈ ಹುಚ್ಚು ನಮ್ಮ ಕಡೆಗೆ ಹೇಗೆ ಬಂತು ಎಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ.

ನಮ್ಮೂರಿಗೆ ಬಂದ ಮುಸುಕುಧಾರಿ

ನನ್ನ ವಯಸ್ಸಿನ ಹಳೆಯ ವಿದ್ಯಾರ್ಥಿಗಳಿಗೆ ಇಂದ್ರಜಾಲ ಕಾಮಿಕ್ಸ್ ನೆನಪಿರಬೇಕು. ಟೈಮ್ಸ್ ಆಫ್ ಇಂಡಿಯಾ ಬಳಗ 1964ರಲ್ಲಿ ಶುರುಮಾಡಿ 1990ರವರೆಗೆ ನಡೆಸಿದ ಈ ಮಾಲೆ ಇಂಗ್ಲಿಷ್, ಹಿಂದಿಗಳಲ್ಲದೆ ಕನ್ನಡದಲ್ಲೂ ಬಂದಿತ್ತು. ಅದರ ನಾಯಕ ಫ್ಯಾಂಟಮ್. ಅಮೆರಿಕದ ಲೀ ಫಾಕ್ ಎಂಬ ಲೇಖಕ 1936ರಲ್ಲಿ ದಿನಪತ್ರಿಕೆಗಳಿಗಾಗಿ ಹುಟ್ಟಿಸಿದ ಪಾತ್ರ. ಅದಕ್ಕೂ ಎರಡು ವರ್ಷ ಮೊದಲೇ ಅವರು ಜಾದೂಗಾರ ಮ್ಯಾಂಡ್ರೇಕನನ್ನು ಸೃಷ್ಟಿಸಿದ್ದರು. ಸುಧಾ ವಾರಪತ್ರಿಕೆಯಲ್ಲೂ ಫ್ಯಾಂಟಮ್ ಬರುತ್ತಿದ್ದ. ಪತ್ರಿಕೆ ಮನೆಗೆ ಬಂದ ಕೂಡಲೇ ಆ ಪುಟಕ್ಕಾಗಿ ಅಣ್ಣತಮ್ಮಂದಿರು ಕಿತ್ತಾಡುತ್ತಿದ್ದೆವು. ಮೂಲದಲ್ಲಿ ಫ್ಯಾಂಟಮ್ ವಾಸಿಸುವ ದೇಶದ ಹೆಸರು ಬಂಗಾಲ್ಲಾ. ನಮ್ಮ ಬಂಗಾಳದ ಹೆಸರಿನಂತೆಯೇ ಕೇಳಿಸುವ ಅದನ್ನು ಭಾರತದ ಆವೃತ್ತಿಯಲ್ಲಿ ಡೆಂಕಾಲಿ ಎಂದು ಬದಲಿಸಿದ್ದರು. ಸಿಂಗ್ ಎಂಬ ಕಡಲ್ಗಳ್ಳರ ಹೆಸರು ಸಿಂಗಾ ಆಗಿತ್ತು. ಇದು ತಿಳಿಯದ ನಾವು ಡೆಂಕಾಲಿಯನ್ನು ಅಟ್ಲಾಸಿನಲ್ಲಿ ಹುಡುಕಿ ಸೋತಿದ್ದೆವು.

ಈಗ ಓದಿದರೆ ಫ್ಯಾಂಟಮ್ ಕಥೆಗಳಲ್ಲಿ ಒಂದು ಮುಜುಗರ ಕಾಣಿಸುತ್ತದೆ. ಕಾಡು ಅಲ್ಲಿನ ಜನರದ್ದು. ನ್ಯಾಯ ಹೇಳುವವನು ಮಾತ್ರ ತಲೆತಲಾಂತರದಿಂದ ಬಿಳಿಯ. ಇದು ಬ್ರಿಟಿಷರ ಕಾಲದ ನೆರಳು ಎಂದು ಹತ್ತನೇ ತರಗತಿಯ ಹುಡುಗನಿಗೆ ಹೊಳೆದಿರಲಿಲ್ಲ. ಮುಂದೆ ಮಕ್ಕಳ ಪತ್ರಿಕೆ ಬಾಲಮಂಗಳದಲ್ಲಿ ಡಿಂಗ ಬಂದ. ಮಲಯಾಳಂನಲ್ಲಿ 1983ರಲ್ಲಿ ಹುಟ್ಟಿದ ಈ ಇಲಿ, ತುಂಟತನ ಮಾಡಿಕೊಂಡು ಓಡಾಡುತ್ತಿದ್ದಾಗ ಬೇರೆ ಗ್ರಹದವರ ಪ್ರಯೋಗಕ್ಕೆ ಸಿಕ್ಕಿ ಮಹಾಬಲ ಪಡೆದವನು. ಬೇರೆ ಗ್ರಹ, ವಿಜ್ಞಾನದ ಪ್ರಯೋಗ, ಬೆನ್ನಿಗೆ ಬಟ್ಟೆ, ದುರ್ಬಲರ ರಕ್ಷಣೆ: ಅಮೆರಿಕದ ವೀರರ ಲಕ್ಷಣಗಳೆಲ್ಲ ಇಲಿಯ ಮೈಮೇಲಿದ್ದವು. ಡಿಂಗನ ಅಜ್ಜ ಯಾರು ಎಂದು ಹುಡುಕುತ್ತಾ ಹೋದರೆ ನಾವು ತಲಪುವುದು ಅಮೆರಿಕದ ಕ್ಲೀವ್‌ಲ್ಯಾಂಡ್ ನಗರಕ್ಕೆ. ನಾನು ತಲಪಿದ್ದು ನೌಕರಿಗೆಂದು ಬೆಂಗಳೂರಿಗೆ ಹೋದ ಮೇಲೆ, ಹಳೆ ಪುಸ್ತಕದ ಅಂಗಡಿಗಳಲ್ಲಿ ಧೂಳು ಕುಡಿಯುತ್ತಾ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು.

ಕ್ಲೀವ್‌ಲ್ಯಾಂಡಿನ ಇಬ್ಬರು ಹುಡುಗರು

1930ರ ದಶಕದ ಆರಂಭ. ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ. ಬ್ಯಾಂಕುಗಳು ಮುಳುಗಿ, ಕಾರ್ಖಾನೆಗಳು ಮುಚ್ಚಿ, ಗಂಜಿ ಕೇಂದ್ರಗಳ ಮುಂದೆ ಜನ ಸಾಲುಗಟ್ಟಿದ್ದರು. ಕ್ಲೀವ್‌ಲ್ಯಾಂಡಿನ ಗ್ಲೆನ್‌ವಿಲ್ ಹೈಸ್ಕೂಲಿನಲ್ಲಿ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಎಂಬ ಇಬ್ಬರು ವಿದ್ಯಾರ್ಥಿಗಳಿದ್ದರು. ಇಬ್ಬರೂ 1914ರಲ್ಲಿ ಹುಟ್ಟಿದವರು, ಇಬ್ಬರೂ ವಲಸೆ ಬಂದ ಯಹೂದಿ ಕುಟುಂಬದವರು. ಜೆರ್ರಿ ಕಥೆ ಬರೆಯುತ್ತಿದ್ದ. ಜೋ ಚಿತ್ರ ಬರೆಯುತ್ತಿದ್ದ. ಅವನ ಕಣ್ಣು ಬಹಳ ಮಂದ, ದಪ್ಪ ಕನ್ನಡಕ. ಕಾಗದ ಕೊಳ್ಳಲು ಕಾಸಿಲ್ಲದೆ ಪೊಟ್ಟಣ ಕಟ್ಟುವ ಕಾಗದದ ಹಿಂಬದಿಯಲ್ಲಿ ಬರೆಯುತ್ತಿದ್ದ. ಇಬ್ಬರೂ ಆಟದಲ್ಲಿ ಹಿಂದೆ, ಹುಡುಗಿಯರ ಜೊತೆ ಮಾತಾಡಲು ಸಂಕೋಚ. ಶಾಲೆಯ ಪತ್ರಿಕೆಯೇ ಅವರ ಮೈದಾನ.

1932ರಲ್ಲಿ ಜೆರ್ರಿಯ ತಂದೆಯ ಬಟ್ಟೆ ಅಂಗಡಿಗೆ ಕಳ್ಳರು ನುಗ್ಗಿದರು. ಆ ಆಘಾತದಲ್ಲಿ ತಂದೆ ಹೃದಯ ನಿಂತು ತೀರಿಕೊಂಡರು. ಮರುವರ್ಷ, 1933ರಲ್ಲಿ, ಗೆಳೆಯರಿಬ್ಬರೂ ತಾವೇ ಹೊರಡಿಸಿದ ಪುಟ್ಟ ಪತ್ರಿಕೆಯಲ್ಲಿ ಸೂಪರ್‌ಮ್ಯಾನ್ ಎಂಬ ಹೆಸರಿನ ಪಾತ್ರ ಮೊದಲು ಕಾಣಿಸಿಕೊಂಡಿತು. ವಿಚಿತ್ರವೆಂದರೆ ಅವನು ಖಳನಾಯಕ! ಗಂಜಿ ಸಾಲಿನಲ್ಲಿ ನಿಂತಿದ್ದ ಬಡವನನ್ನು ವಿಜ್ಞಾನಿಯೊಬ್ಬ ಪ್ರಯೋಗಕ್ಕೆ ಬಳಸಿ ಮನೋಬಲ ತುಂಬುತ್ತಾನೆ. ಬಲ ಬಂದ ಕೂಡಲೇ ಅವನು ಕೆಟ್ಟುಹೋಗುತ್ತಾನೆ. ಬಲ ಬಂದವನು ಒಳ್ಳೆಯವನಾಗಿಯೇ ಉಳಿದರೆ ಹೇಗಿರುತ್ತದೆ ಎಂಬುದು ಹುಡುಗರಿಗೆ ಹೊಳೆದದ್ದು ಆಮೇಲೆ. ತಂದೆಯ ಸಾವಿಗೂ ಗುಂಡು ತಾಗದ ವೀರನಿಗೂ ಸಂಬಂಧವಿದೆ ಎಂದು ಅನೇಕರು ಬರೆದಿದ್ದಾರೆ. ಜೆರ್ರಿ ತಾನಾಗಿ ಹಾಗೆ ಹೇಳಿಕೊಂಡವನಲ್ಲ; ನನಗಂತೂ ಸಂಬಂಧ ಇಲ್ಲವೆಂದು ನಂಬುವುದು ಕಷ್ಟ.

ಹೊಸ ಸೂಪರ್‌ಮ್ಯಾನನನ್ನು ಹೊತ್ತುಕೊಂಡು ಅವರು ಹಲವು ವರ್ಷ ಪತ್ರಿಕೆಗಳ ಬಾಗಿಲು ತಟ್ಟಿದರು. ಎಲ್ಲ ಕಡೆಯಿಂದಲೂ ಕಥೆ ವಾಪಸು ಬಂತು. ಕೊನೆಗೆ 1938ರಲ್ಲಿ ನ್ಯೂಯಾರ್ಕಿನ ಪ್ರಕಾಶಕರೊಬ್ಬರು ಆಕ್ಷನ್ ಕಾಮಿಕ್ಸ್ ಎಂಬ ಹೊಸ ಮಾಸಿಕದ ಮೊದಲ ಸಂಚಿಕೆಗೆ ಅದನ್ನು ತೆಗೆದುಕೊಂಡರು. ಹದಿಮೂರು ಪುಟ, ಪುಟಕ್ಕೆ ಹತ್ತು ಡಾಲರ್, ಒಟ್ಟು 130 ಡಾಲರ್. ಆ ಹಣದ ಜೊತೆಗೆ ಸಹಿ ಹಾಕಿಸಿಕೊಂಡ ಕಾಗದದಲ್ಲಿ ಸೂಪರ್‌ಮ್ಯಾನನ ಎಲ್ಲ ಹಕ್ಕುಗಳೂ ಪ್ರಕಾಶಕರಿಗೆ ಸೇರಿದವು. ಹಳೆಯ ಬಾಕಿಯೂ ಸೇರಿ ಅವರಿಗೆ ಬಂದ 412 ಡಾಲರಿನ ಚೆಕ್ಕಿನ ಕಾಗದವೇ 2012ರಲ್ಲಿ ಹರಾಜಿನಲ್ಲಿ 1,60,000 ಡಾಲರಿಗೆ ಮಾರಾಟವಾಯಿತು!

ಆ ಮೊದಲ ಸೂಪರ್‌ಮ್ಯಾನ್ ಇವತ್ತಿನವನಂತಲ್ಲ. ಅವನಿಗೆ ಹಾರಲು ಬರುತ್ತಿರಲಿಲ್ಲ, ನೆಗೆಯುತ್ತಿದ್ದ. ಒಂದು ಮೈಲಿಯ ಎಂಟನೇ ಒಂದು ಭಾಗ, ಅಂದರೆ ಸುಮಾರು 200 ಮೀಟರ್. ಸಮುದ್ರ ಲಂಘಿಸಿದ ನಮ್ಮ ಹನುಮಂತನ ಮುಂದೆ ಅದೇನೂ ಅಲ್ಲ. ಆದರೆ ಅವನು ಯಾರ ವಿರುದ್ಧ ನೆಗೆಯುತ್ತಿದ್ದ ಎಂಬುದು ಮುಖ್ಯ. ಮೊದಲ ಸಂಚಿಕೆಯಲ್ಲೇ ತಪ್ಪು ತೀರ್ಪಿನಿಂದ ಮರಣದಂಡನೆಗೆ ಗುರಿಯಾಗಲಿದ್ದ ಹೆಂಗಸನ್ನು ಉಳಿಸಿದ. ಹೆಂಡತಿಗೆ ಹೊಡೆಯುವವನನ್ನು ಹಿಡಿದು ಗೋಡೆಗೆ ಎಸೆದ. ಮೂರನೇ ಸಂಚಿಕೆಯಲ್ಲಿ ಅವನು ಗಣಿ ಕಾರ್ಮಿಕನ ವೇಷ ಹಾಕುತ್ತಾನೆ. ಸುರಕ್ಷತೆಗೆ ದುಡ್ಡು ಹಾಕದ ಗಣಿ ಮಾಲೀಕನನ್ನೂ ಅವನ ಶ್ರೀಮಂತ ಅತಿಥಿಗಳನ್ನೂ ಅದೇ ಗಣಿಯೊಳಗೆ ಸಿಕ್ಕಿಹಾಕಿಸುತ್ತಾನೆ. ಎಚ್ಚರಿಕೆಯ ಗಂಟೆ ಕೆಲಸ ಮಾಡದೆ, ಕೈಯಿಂದ ಮಣ್ಣು ಅಗೆಯಲಾಗದೆ ಮಾಲೀಕನಿಗೆ ಬುದ್ಧಿ ಬರುತ್ತದೆ. ಬಡ ಹುಡುಗರು ತಮ್ಮ ಬೀದಿಯಲ್ಲಿ ಕಂಡ ಅನ್ಯಾಯದ ಪಟ್ಟಿ ಅದು. ಹತ್ತು ಸೆಂಟಿಗೆ 64 ಪುಟ. ಅಂಥದೇ ಬಡ ಹುಡುಗರು ಕೊಂಡು, ಓದಿ, ಬದಲಾಯಿಸಿಕೊಂಡು, ಹರಿದುಹೋಗುವವರೆಗೆ ಓದಿದರು.

ಹೆಸರಿಲ್ಲದವನು

ಸೂಪರ್‌ಮ್ಯಾನ್ ಗೆದ್ದ ಕೂಡಲೇ ಪ್ರಕಾಶಕರಿಗೆ ಇನ್ನೊಬ್ಬ ವೀರ ಬೇಕಾಯಿತು. 1939ರಲ್ಲಿ ಬ್ಯಾಟ್‌ಮ್ಯಾನ್ ಬಂದ. ಈ ಕಥೆಯಲ್ಲೂ ಒಂದು ಹೈಸ್ಕೂಲಿದೆ. ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ಡಿವಿಟ್ ಕ್ಲಿಂಟನ್ ಹೈಸ್ಕೂಲಿನಲ್ಲಿ ಓದಿದವರ ಪಟ್ಟಿ ನೋಡಿದರೆ ಆಶ್ಚರ್ಯವಾಗುತ್ತದೆ: ಬ್ಯಾಟ್‌ಮ್ಯಾನಿನ ಬಾಬ್ ಕೇನ್ ಮತ್ತು ಬಿಲ್ ಫಿಂಗರ್, ಸ್ಪಿರಿಟ್ ಎಂಬ ಪಾತ್ರದ ವಿಲ್ ಐಸ್ನರ್, ಮುಂದೆ ಮಾರ್ವೆಲ್ ಕಂಪನಿಗೆ ಹೆಸರು ತಂದ ಸ್ಟ್ಯಾನ್ ಲೀ, ನಾಲ್ವರೂ ಅಲ್ಲಿಯವರೇ.

ಬಾಬ್ ಕೇನ್ ಮೊದಲು ಬರೆದ ಬ್ಯಾಟ್‌ಮ್ಯಾನಿಗೆ ಕೆಂಪು ಬಟ್ಟೆ, ಕಣ್ಣಿಗೆ ಚಿಕ್ಕ ಪಟ್ಟಿ, ಬೆನ್ನಿಗೆ ಗಟ್ಟಿ ರೆಕ್ಕೆ. ಬಿಲ್ ಫಿಂಗರ್ ಅದನ್ನು ನೋಡಿ, ಬಣ್ಣ ಬೂದು ಮಾಡು, ರೆಕ್ಕೆಯ ಬದಲು ಹೊದಿಕೆ ಹಾಕು, ತಲೆಗೆ ಬಾವಲಿಯ ಕಿವಿಯ ಮುಸುಕು ಕೊಡು ಎಂದ. ಮೊದಲ ಕಥೆ ಬರೆದವನೂ ಅವನೇ. ಬ್ರೂಸ್ ವೇಯ್ನ್ ಎಂಬ ಹೆಸರು, ಗಾಥಮ್ ಎಂಬ ಊರು ಅವನು ಇಟ್ಟವು. ಆದರೆ ಒಪ್ಪಂದ ಮಾಡಿಕೊಂಡವನು ಬಾಬ್ ಕೇನ್ ಒಬ್ಬನೇ. ಎಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಪ್ರತಿ ಪುಸ್ತಕದಲ್ಲಿ, ಪ್ರತಿ ಸಿನಿಮಾದಲ್ಲಿ ಸೃಷ್ಟಿಕರ್ತ ಎಂದು ಒಂದೇ ಹೆಸರು. ಫಿಂಗರ್ 1974ರಲ್ಲಿ ಕೈಯಲ್ಲಿ ಹೆಚ್ಚು ಕಾಸಿಲ್ಲದೆ ತೀರಿಕೊಂಡ. ಮಕ್ಕಳ ಪುಸ್ತಕಗಳ ಲೇಖಕ ಮಾರ್ಕ್ ಟೈಲರ್ ನೋಬಲ್‌ಮನ್ ಎಂಬವರು ವರ್ಷಗಟ್ಟಲೆ ದಾಖಲೆ ಹುಡುಕಿ, ಫಿಂಗರನ ಮೊಮ್ಮಗಳನ್ನು ಪತ್ತೆಮಾಡಿ, 2012ರಲ್ಲಿ ಅವನ ಕಥೆಯನ್ನು ಪುಸ್ತಕ ಮಾಡಿದರು. ಕುಟುಂಬದ ಒತ್ತಾಯವೂ ಸೇರಿ 2015ರಲ್ಲಿ ಫಿಂಗರನ ಹೆಸರು ಬಾಬ್ ಕೇನ್ ಹೆಸರಿನ ಪಕ್ಕಕ್ಕೆ ಬಂತು.

ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾರಣ ಹೇಳಿಬಿಡುತ್ತೇನೆ. ಇದೇ ಶಾಲೆಯಲ್ಲಿ ಎಂಟನೇ ತರಗತಿಯಲ್ಲಿದ್ದಾಗ ನಾನೂ ನನ್ನ ಬೆಂಚಿನ ಗೆಳೆಯನೂ ಸೇರಿ ಗೋಡೆ ಪತ್ರಿಕೆಗೆ ಒಂದು ಚಿತ್ರಕಥೆ ಮಾಡಿದ್ದೆವು. ಸಂತೆಯಲ್ಲಿ ತೂಕ ಮೋಸ ಮಾಡುವವನನ್ನು ಹಿಡಿಯುವ ಒಬ್ಬ ಮುಸುಕಿನ ವೀರ. ಕಥೆ ನನ್ನದು. ಚಿತ್ರ, ವೇಷ, ಸಂತೆಯ ಜನ, ತಕ್ಕಡಿಯ ತಳಕ್ಕೆ ಅಂಟಿಸಿದ ಹುಣಸೆಹಣ್ಣು, ಎಲ್ಲ ಅವನದ್ದು. ಕೊನೆಗೆ ಅಚ್ಚುಕಟ್ಟಾಗಿ ಅಕ್ಷರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಾನು ಕೆಳಗೆ ನನ್ನ ಹೆಸರನ್ನು ಮಾತ್ರ ಬರೆದೆ. ಮರೆತು ಬರೆದದ್ದಲ್ಲ. ಪ್ರಾರ್ಥನೆಯ ಹೊತ್ತಿಗೆ ಮುಖ್ಯೋಪಾಧ್ಯಾಯರು ನನ್ನನ್ನು ಕರೆದು ಬೆನ್ನು ತಟ್ಟಿದರು. ಸಾಲಿನಲ್ಲಿ ನಿಂತಿದ್ದ ಗೆಳೆಯ ಎಲ್ಲರ ಜೊತೆ ಚಪ್ಪಾಳೆ ಹೊಡೆದ. ಒಂಬತ್ತನೆಯದು ಮುಗಿಸಿ ಅವನು ಮುಂಬೈಗೆ ಹೋಟೆಲ್ ಕೆಲಸಕ್ಕೆ ಹೋದ. ಆಮೇಲೆ ಅವನು ಚಿತ್ರ ಬರೆದನೋ ಇಲ್ಲವೋ ಎಂದು ನಾನು ಕೇಳಲೇ ಇಲ್ಲ.

ದೊಡ್ಡವರ ಭಯ

ಕಾಮಿಕ್ಸ್ ಇತಿಹಾಸದಲ್ಲಿ ಅಧ್ಯಾಪಕರಿಗೂ ಪೋಷಕರಿಗೂ ಒಂದು ಅಧ್ಯಾಯವಿದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಈ ವೀರರು ದೇಶದ ಕಣ್ಮಣಿಗಳಾಗಿದ್ದರು. ಜೋ ಸೈಮನ್ ಮತ್ತು ಜಾಕ್ ಕರ್ಬಿ ಸೃಷ್ಟಿಸಿದ ಕ್ಯಾಪ್ಟನ್ ಅಮೆರಿಕ ತನ್ನ ಮೊದಲ ಸಂಚಿಕೆಯ ಮುಖಪುಟದಲ್ಲೇ ಹಿಟ್ಲರನ ದವಡೆಗೆ ಗುದ್ದಿದ. ಆ ಸಂಚಿಕೆ 1940ರ ಕೊನೆಯಲ್ಲಿ ಅಂಗಡಿಗೆ ಬಂದಾಗ ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಸೃಷ್ಟಿಕರ್ತರಿಗೆ ಬೆದರಿಕೆಗಳು ಬಂದವು. ನ್ಯೂಯಾರ್ಕಿನ ಮೇಯರ್ ತಾವೇ ಫೋನ್ ಮಾಡಿ ರಕ್ಷಣೆಯ ಭರವಸೆ ಕೊಟ್ಟರು ಎಂದು ಸೈಮನ್ ನೆನಪಿಸಿಕೊಂಡಿದ್ದಾರೆ. 1941ರಲ್ಲಿ ಮನಃಶಾಸ್ತ್ರಜ್ಞ ವಿಲಿಯಂ ಮಾರ್ಸ್ಟನ್, ಹೆಣ್ಣುಮಕ್ಕಳಿಗೂ ಒಬ್ಬಳು ಬೇಕು ಎಂದು ವಂಡರ್ ವುಮನ್ ತಂದರು.

ಯುದ್ಧ ಮುಗಿದ ಮೇಲೆ ಗಾಳಿ ತಿರುಗಿತು. ಕೊಲೆ, ದರೋಡೆ, ದೆವ್ವಗಳ ಕಾಮಿಕ್ಸ್ ಹೆಚ್ಚಾದವು. ಮಕ್ಕಳು ಕೆಡುತ್ತಿದ್ದಾರೆ ಎಂದು ಕೆಲವು ಊರುಗಳಲ್ಲಿ ಕಾಮಿಕ್ಸ್ ರಾಶಿ ಹಾಕಿ ಸುಟ್ಟರು, ಅದೂ ಮಕ್ಕಳ ಕೈಯಿಂದಲೇ. ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರು 1954ರಲ್ಲಿ ಕಾಮಿಕ್ಸ್ ವಿರುದ್ಧ ಪುಸ್ತಕ ಬರೆದರು, ಸೆನೆಟ್ ಸಮಿತಿ ವಿಚಾರಣೆ ನಡೆಸಿತು. ವರ್ಥಮ್ ಕೆಟ್ಟ ಮನುಷ್ಯರಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕಪ್ಪು ಜನರಿಗೆ ಅಗ್ಗದಲ್ಲಿ ಮಾನಸಿಕ ಚಿಕಿತ್ಸೆ ಕೊಡುವ ಆಸ್ಪತ್ರೆ ನಡೆಸಿದವರು. ಆದರೆ ಮಕ್ಕಳು ಹೇಳಿದ ಮಾತುಗಳನ್ನು ಅವರು ತಮ್ಮ ವಾದಕ್ಕೆ ತಕ್ಕಂತೆ ತಿದ್ದಿದ್ದರು ಎಂಬುದನ್ನು ಅವರ ಕಾಗದಪತ್ರಗಳನ್ನು ಪರಿಶೀಲಿಸಿದ ಸಂಶೋಧಕಿ ಕ್ಯಾರಲ್ ಟಿಲ್ಲಿ 2012ರ ಸುಮಾರಿಗೆ ತೋರಿಸಿಕೊಟ್ಟರು.

ಭಯಬಿದ್ದ ಪ್ರಕಾಶಕರು 1954ರಲ್ಲಿ ತಮಗೆ ತಾವೇ ಒಂದು ನಿಯಮಾವಳಿ ಮಾಡಿಕೊಂಡರು. ಒಳ್ಳೆಯದೇ ಗೆಲ್ಲಬೇಕು, ಪೊಲೀಸರು, ನ್ಯಾಯಾಧೀಶರು, ಸರ್ಕಾರಿ ಅಧಿಕಾರಿಗಳ ಮೇಲೆ ಅಗೌರವ ಹುಟ್ಟುವಂತೆ ಬರೆಯಬಾರದು. ನನ್ನ ಅಭಿಪ್ರಾಯದಲ್ಲಿ ಈ ಎರಡನೇ ನಿಯಮ ಹೆಚ್ಚು ಹಾನಿ ಮಾಡಿತು. ಗಣಿ ಮಾಲೀಕನಿಗೆ ಪಾಠ ಕಲಿಸಿದ ಸೂಪರ್‌ಮ್ಯಾನಿಗೆ ಇನ್ನು ಬೇರೆ ಗ್ರಹದ ರಾಕ್ಷಸರೇ ಗತಿಯಾದರು. ನಮ್ಮ ಶಾಲೆಯಲ್ಲೂ ಸಮಾಜ ಪುಸ್ತಕದೊಳಗೆ ಇಟ್ಟುಕೊಂಡು ಓದುತ್ತಿದ್ದ ಇಂದ್ರಜಾಲವನ್ನು ಮೇಷ್ಟ್ರು ಕಿತ್ತುಕೊಂಡದ್ದುಂಟು. ಆದರೆ ಅವರು ಅದನ್ನು ಸುಡಲಿಲ್ಲ. ಶನಿವಾರ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ತಾವೇ ಓದುತ್ತಾ ಕುಳಿತಿದ್ದನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ಸೋಮವಾರ ಪುಸ್ತಕ ವಾಪಸು ಬಂತು.

ಪರೀಕ್ಷೆಗೆ ಓದುವ ವೀರ

ಸತ್ತೇಹೋಯಿತು ಎಂದುಕೊಂಡ ಸೂಪರ್ ಹೀರೊ ಕಾಮಿಕ್ಸ್ ಮತ್ತೆ ಚಿಗುರಿದ್ದು 1956ರಿಂದೀಚೆಗೆ. ಆ ಚಿಗುರಿನ ಹಣ್ಣು ಎಂದರೆ ಸ್ಪೈಡರ್‌ಮ್ಯಾನ್. 1962ರಲ್ಲಿ ಸ್ಟ್ಯಾನ್ ಲೀ ಮತ್ತು ಚಿತ್ರಕಾರ ಸ್ಟೀವ್ ಡಿಟ್ಕೊ ಅವನನ್ನು ತಂದಾಗ ಪೀಟರ್ ಪಾರ್ಕರ್ ಹೈಸ್ಕೂಲು ವಿದ್ಯಾರ್ಥಿ. ಅದುವರೆಗೆ ಕಾಮಿಕ್ಸ್‌ನಲ್ಲಿ ಹುಡುಗರು ಹೆಚ್ಚಾಗಿ ವೀರನ ಶಿಷ್ಯರಾಗಿ ಬರುತ್ತಿದ್ದರು. ಇಲ್ಲಿ ಹುಡುಗನೇ ವೀರ. ತಂದೆತಾಯಿ ಇಲ್ಲ, ಮನೆಯಲ್ಲಿ ಬಾಡಿಗೆಗೆ ಕಷ್ಟ, ವಯಸ್ಸಾದ ದೊಡ್ಡಮ್ಮನಿಗೆ ಔಷಧಿ ತರಬೇಕು, ಬೆಳಿಗ್ಗೆ ಪರೀಕ್ಷೆ, ಬಟ್ಟೆ ಹರಿದರೆ ತಾನೇ ಹೊಲಿದುಕೊಳ್ಳಬೇಕು. ಸೊಕ್ಕಿನಿಂದ ಒಬ್ಬ ಕಳ್ಳನನ್ನು ಓಡಲು ಬಿಟ್ಟದ್ದಕ್ಕೆ ಸಾಕಿದ ದೊಡ್ಡಪ್ಪನನ್ನೇ ಕಳೆದುಕೊಂಡವನು. ಬಲ ಬಂದರೆ ಹೊಣೆಯೂ ಬರುತ್ತದೆ ಎಂಬ ಪಾಠ ಅವನಿಗೆ ಪುಸ್ತಕದಿಂದ ಬಂದದ್ದಲ್ಲ, ಸ್ವಂತ ತಪ್ಪಿನಿಂದ ಬಂದದ್ದು. ಕಾಮಿಕ್ಸ್ ಪೂರ್ತಿ ಇತಿಹಾಸದಲ್ಲಿ ಒಂದೇ ಒಂದು ಕಥೆ ಉಳಿಸಿಕೊಳ್ಳಿ ಎಂದರೆ ಆ ಮೊದಲ ಸ್ಪೈಡರ್‌ಮ್ಯಾನ್ ಕಥೆಯನ್ನು ನಾನು ಉಳಿಸಿಕೊಳ್ಳುತ್ತೇನೆ.

ಸ್ಪೈಡರ್‌ಮ್ಯಾನೇ ನಿಯಮಾವಳಿಯ ಗೋಡೆಯನ್ನೂ ಮೊದಲು ಬಿರುಕುಬಿಡಿಸಿದ. ಮಾದಕ ವಸ್ತುಗಳ ಅಪಾಯದ ಬಗ್ಗೆ ಒಂದು ಕಥೆ ಬರೆಯಿರಿ ಎಂದು ಸರ್ಕಾರದ ಆರೋಗ್ಯ ಇಲಾಖೆಯೇ ಸ್ಟ್ಯಾನ್ ಲೀಯನ್ನು ಕೇಳಿತ್ತು. ಆದರೆ ಆ ವಿಷಯವನ್ನು ಎತ್ತುವುದೇ ತಪ್ಪು ಎಂದು ಮಂಡಳಿ ಮುದ್ರೆ ಕೊಡಲಿಲ್ಲ. 1971ರಲ್ಲಿ ಮುದ್ರೆಯಿಲ್ಲದೆಯೇ ಮೂರು ಸಂಚಿಕೆಗಳು ಹೊರಬಂದವು. ಆಕಾಶವೇನೂ ಬೀಳಲಿಲ್ಲ. ಅದೇ ವರ್ಷ ನಿಯಮ ಸಡಿಲವಾಯಿತು.

ಇಲ್ಲೂ ಹೆಸರಿನ ಜಗಳ ತಪ್ಪಲಿಲ್ಲ. ಮಾರ್ವೆಲ್‌ನಲ್ಲಿ ಕೆಲಸ ನಡೆಯುತ್ತಿದ್ದ ರೀತಿ ಹೀಗೆ: ಸ್ಟ್ಯಾನ್ ಲೀ ಕಥೆಯ ಎಳೆಯನ್ನು ನಾಲ್ಕು ಮಾತಿನಲ್ಲಿ ಹೇಳುವರು, ಚಿತ್ರಕಾರ ಇಪ್ಪತ್ತು ಪುಟ ಬಿಡಿಸಿ, ಘಟನೆಗಳನ್ನು ಕಟ್ಟಿ ತರುವನು, ಆಮೇಲೆ ಲೀ ಮಾತುಗಳನ್ನು ತುಂಬುವರು. ಹಾಗಾದರೆ ಕಥೆ ಯಾರದ್ದು? ಅಭಿಮಾನಿಗಳು ಅರವತ್ತು ವರ್ಷಗಳಿಂದ ಈ ಬಗ್ಗೆ ಜಗಳವಾಡುತ್ತಿದ್ದೇವೆ. ಯಕ್ಷಗಾನ ನೋಡುವ ನಮ್ಮ ಕಡೆಯವರಿಗೆ ಉತ್ತರ ಸುಲಭ. ಪ್ರಸಂಗಕರ್ತನ ಹೆಸರು ಹೇಳುತ್ತೇವೆ, ಹಾಗೆಂದು ಭಾಗವತರನ್ನೂ ವೇಷಧಾರಿಯನ್ನೂ ಮರೆಯುವುದಿಲ್ಲ. ಅರ್ಧ ಮಾರ್ವೆಲ್ ಲೋಕವನ್ನು ಬಿಡಿಸಿದ ಜಾಕ್ ಕರ್ಬಿ 1994ರಲ್ಲಿ ತೀರಿಕೊಂಡರು. ಅವರ ಕುಟುಂಬದೊಂದಿಗೆ ಕಂಪನಿ ರಾಜಿಗೆ ಬಂದದ್ದು 2014ರಲ್ಲಿ.

ಸೂಪರ್‌ಮ್ಯಾನಿನ ಹುಡುಗರು ಏನಾದರು? ಕೆಲವು ವರ್ಷ ಅವರಿಗೆ ಒಳ್ಳೆಯ ಸಂಪಾದನೆಯೇ ಇತ್ತು. 1947ರಲ್ಲಿ ಹಕ್ಕಿಗಾಗಿ ಕೋರ್ಟಿಗೆ ಹೋದರು. ಒಂದಿಷ್ಟು ಹಣ ಪಡೆದು ರಾಜಿಯಾಗಬೇಕಾಯಿತು. ಕೆಲಸ ಹೋಯಿತು, ಪುಸ್ತಕದಿಂದ ಹೆಸರೂ ಹೋಯಿತು. 1975ರಲ್ಲಿ ಕೋಟ್ಯಂತರ ಡಾಲರಿನ ಸೂಪರ್‌ಮ್ಯಾನ್ ಸಿನಿಮಾ ತಯಾರಾಗುತ್ತಿದೆ ಎಂಬ ಸುದ್ದಿ ಬಂದಾಗ ಜೆರ್ರಿ ಕಚೇರಿಯೊಂದರಲ್ಲಿ ಗುಮಾಸ್ತ, ಜೋ ಹೆಚ್ಚುಕಡಿಮೆ ಕುರುಡ. ಜೆರ್ರಿ ಪತ್ರಿಕೆಗಳಿಗೆ ಉದ್ದದ ಪತ್ರ ಬರೆದ. ನೀಲ್ ಆಡಮ್ಸ್, ಜೆರ್ರಿ ರಾಬಿನ್ಸನ್ ಎಂಬ ಚಿತ್ರಕಾರರು ಬೆನ್ನಿಗೆ ನಿಂತು ಹೋರಾಡಿದರು. ಆ ವರ್ಷದ ಡಿಸೆಂಬರಿನಲ್ಲಿ ಕಂಪನಿ ಇಬ್ಬರಿಗೂ ವರ್ಷಕ್ಕೆ 20,000 ಡಾಲರ್ ಜೀವನಾಂಶ ಕೊಡಲು ಒಪ್ಪಿತು. ಹಣಕ್ಕಿಂತ ದೊಡ್ಡದು ಇನ್ನೊಂದು ಷರತ್ತು: ಇನ್ನು ಮುಂದೆ ಪ್ರತಿ ಸೂಪರ್‌ಮ್ಯಾನ್ ಕಥೆಯಲ್ಲಿ ಜೆರ್ರಿ ಸೀಗಲ್, ಜೋ ಶುಸ್ಟರ್ ಎಂಬ ಹೆಸರುಗಳು ಇರಬೇಕು. ಅವು ಇಂದಿಗೂ ಇವೆ.

ತೆರೆಯದ ಪುಸ್ತಕ

1986ರಲ್ಲಿ ಫ್ರಾಂಕ್ ಮಿಲ್ಲರ್ ವಯಸ್ಸಾದ ಬ್ಯಾಟ್‌ಮ್ಯಾನಿನ ಕಥೆ ಬರೆದರು. ಅಲನ್ ಮೂರ್, ಡೇವ್ ಗಿಬ್ಬನ್ಸ್ ಸೇರಿ ವಾಚ್‌ಮೆನ್ ತಂದರು. ವೇಷ ಹಾಕಿ ನ್ಯಾಯ ಹಂಚುವವರಿಗೆ ನಿಜವಾಗಿ ಅಧಿಕಾರ ಸಿಕ್ಕರೆ ಏನಾಗುತ್ತದೆ ಎಂದು ಕೇಳಿದ ಗಂಭೀರ ಕೃತಿಗಳು ಅವು. ನನಗೆ ಅವುಗಳ ಮೇಲೆ ಗೌರವವಿದೆ. ತಕರಾರು ಇರುವುದು ಅನುಕರಣೆ ಮಾಡಿದವರ ಮೇಲೆ. ಅವರು ಪ್ರಶ್ನೆಯನ್ನು ಬಿಟ್ಟು ರಕ್ತವನ್ನೂ ಕತ್ತಲನ್ನೂ ಮಾತ್ರ ತೆಗೆದುಕೊಂಡರು.

ಅದೇ ಹೊತ್ತಿಗೆ ಹಳೆಯ ಕಾಮಿಕ್ಸ್‌ಗೆ ಚಿನ್ನದ ಬೆಲೆ ಬರುತ್ತಿದೆ ಎಂಬ ಸುದ್ದಿ ಹಬ್ಬಿತು. ಜನ ಓದಲು ಬಿಟ್ಟು ಕೂಡಿಡಲು ಕೊಳ್ಳತೊಡಗಿದರು. 1991ರಲ್ಲಿ ಎಕ್ಸ್‌ಮೆನ್ ಹೊಸ ಮಾಲೆಯ ಮೊದಲ ಸಂಚಿಕೆ ಬೇರೆಬೇರೆ ಮುಖಪುಟಗಳಲ್ಲಿ ಬಂದು ಸುಮಾರು 80 ಲಕ್ಷ ಪ್ರತಿ ಹೋಯಿತು. ಒಬ್ಬೊಬ್ಬರು ಐದೈದು ಕೊಂಡಿದ್ದರು! 1992ರ ನವೆಂಬರಿನಲ್ಲಿ ಸೂಪರ್‌ಮ್ಯಾನ್ ಸಾಯುವ ಸಂಚಿಕೆ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಮೊಹರಾಗಿ ಬಂತು. ಚೀಲ ತೆರೆದರೆ ಬೆಲೆ ಹೋಗುತ್ತದೆ ಎಂದು ಲಕ್ಷಾಂತರ ಜನ ತೆರೆಯಲೇ ಇಲ್ಲ. ಸೂಪರ್‌ಮ್ಯಾನ್ ಹೇಗೆ ಸತ್ತ ಎಂದು ಓದದೆಯೇ ಅವನ ಸಾವನ್ನು ಕಪಾಟಿನಲ್ಲಿಟ್ಟರು. ಜೋ ಶುಸ್ಟರ್ ನಿಜವಾಗಿ ತೀರಿಕೊಂಡದ್ದು ಅದೇ ವರ್ಷದ ಜುಲೈನಲ್ಲಿ. ಕಥೆಯ ಸೂಪರ್‌ಮ್ಯಾನ್ ಮರುವರ್ಷ ಎದ್ದು ಬಂದ.

ಎಲ್ಲರೂ ಕೂಡಿಟ್ಟ ವಸ್ತುವಿಗೆ ಬೆಲೆ ಬರುವುದಿಲ್ಲ. 1938ರ ಪ್ರತಿಗೆ ಬೆಲೆ ಬಂದದ್ದು ಮಿಕ್ಕ ಪ್ರತಿಗಳನ್ನು ಮಕ್ಕಳು ಓದಿ ಓದಿ ಹರಿದುಹಾಕಿದ್ದರಿಂದ. ಈ ಸರಳ ಲೆಕ್ಕ ತಿಳಿಯುವಷ್ಟರಲ್ಲಿ ಮಾರುಕಟ್ಟೆ ಕುಸಿಯಿತು. ಸಾವಿರಾರು ಅಂಗಡಿಗಳು ಮುಚ್ಚಿದವು. 1996ರ ಡಿಸೆಂಬರಿನಲ್ಲಿ ಮಾರ್ವೆಲ್ ದಿವಾಳಿ ಅರ್ಜಿ ಹಾಕಿತು.

ಮಾರ್ವೆಲ್ಲನ್ನು ಎತ್ತಿದ್ದು ಸಿನಿಮಾ. 2009ರಲ್ಲಿ ಡಿಸ್ನಿ ಅದನ್ನು ಸುಮಾರು 400 ಕೋಟಿ ಡಾಲರಿಗೆ ಕೊಂಡಿತು. ಈಗ ನಮ್ಮೂರಿನ ಮಕ್ಕಳ ಶರ್ಟಿನ ಮೇಲೂ ಸ್ಪೈಡರ್‌ಮ್ಯಾನ್ ಇದ್ದಾನೆ. ಆದರೆ ಅವರಲ್ಲಿ ಎಷ್ಟು ಮಂದಿ ಅವನ ಒಂದು ಪುಟ ಓದಿದ್ದಾರೆ? ಅಮೆರಿಕದಲ್ಲೇ ಓದುವುದು ಕಷ್ಟವಾಗಿದೆ. 1938ರಲ್ಲಿ ಹತ್ತು ಸೆಂಟಿಗೆ 64 ಪುಟ. ಈಗ ನಾಲ್ಕು ಡಾಲರಿಗೆ ಇಪ್ಪತ್ತು ಚಿಲ್ಲರೆ ಪುಟದ ಕಥೆ. ಅಲ್ಲಿನ ಸಾಮಾನ್ಯ ಬೆಲೆಗಳು ಈ ಅವಧಿಯಲ್ಲಿ ಇಪ್ಪತ್ತು ಪಟ್ಟಿಗಿಂತ ಸ್ವಲ್ಪ ಹೆಚ್ಚಿದ್ದರೆ, ಕಾಮಿಕ್ಸ್ ಬೆಲೆ ನಲವತ್ತು ಪಟ್ಟು. ಪುಟದ ಲೆಕ್ಕ ಹಿಡಿದರೆ ಇನ್ನೂ ಹೆಚ್ಚು. ಅದೂ ಪೇಟೆಯ ಯಾವುದೋ ವಿಶೇಷ ಅಂಗಡಿಗೆ ಹೋಗಿ, ಹಿಂದಿನ ಐವತ್ತು ಸಂಚಿಕೆ ಓದಿದ್ದರೆ ಮಾತ್ರ ಅರ್ಥವಾಗುವ ಕಥೆ. ಹತ್ತು ಸೆಂಟಿನ ಹುಡುಗನನ್ನು ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಂಡ ಹಾಗೆ. ಬಾಗಿಲು ಹಾಕಿದವರಲ್ಲಿ ನನ್ನಂಥ ಹಳೆಯ ಅಭಿಮಾನಿಗಳೂ ಇದ್ದೇವೆ. ನಮ್ಮ ವೀರ ನಮ್ಮ ಜೊತೆಯೇ ಮುದುಕನಾಗಲಿ ಎಂದು ಹಟ ಹಿಡಿದವರು ನಾವು.

ಮತ್ತೆ ಶಾಲೆಗೆ

ಹಾಗೆಂದು ಹಿಂದಿನದೆಲ್ಲ ಚಂದ, ಈಗಿನದೆಲ್ಲ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. 2014ರಲ್ಲಿ ಶುರುವಾದ ಮಿಸ್ ಮಾರ್ವೆಲ್ ಮಾಲೆಯ ಕಮಲಾ ಖಾನ್ ಜೆರ್ಸಿ ಸಿಟಿಯ ಹೈಸ್ಕೂಲು ಹುಡುಗಿ, ಪಾಕಿಸ್ತಾನದಿಂದ ಹೋಗಿ ನೆಲೆಸಿದ ಕುಟುಂಬದವಳು. ತಡರಾತ್ರಿ ಮನೆಗೆ ಬಂದರೆ ಅಪ್ಪ ಅಮ್ಮ ಬಯ್ಯುತ್ತಾರೆ. ಅವಳ ಮನೆ ನಮ್ಮ ಮನೆಯ ಹಾಗೆಯೇ ಇದೆ. ಬರೆದವರು ಜಿ. ವಿಲೋ ವಿಲ್ಸನ್, ಚಿತ್ರ ಏಡ್ರಿಯನ್ ಅಲ್ಫೋನ. ಇಬ್ಬರ ಹೆಸರೂ ಪುಸ್ತಕದಲ್ಲಿದೆ. 2015ರಲ್ಲಿ ಅದಕ್ಕೆ ಹ್ಯೂಗೊ ಪ್ರಶಸ್ತಿ ಬಂತು.

ಡೇವ್ ಪಿಲ್ಕಿ ಎಂಬ ಇನ್ನೊಬ್ಬರಿದ್ದಾರೆ. ಎರಡನೇ ತರಗತಿಯಲ್ಲಿ ಅವರಿಗೆ ಅಕ್ಷರ ಕೂಡಿಸಿ ಓದಲು ಬಾರದು, ಒಂದು ಕಡೆ ಕೂರಲು ಆಗದು. ಟೀಚರು ದಿನವೂ ಹೊರಗೆ ವರಾಂಡಾದಲ್ಲಿ ಕೂರಿಸುತ್ತಿದ್ದರು. ಅಲ್ಲಿ ಕುಳಿತು ಅವರು ಬರೆದ ಚಿತ್ರದ ವೀರನೇ ಮುಂದೆ ಕ್ಯಾಪ್ಟನ್ ಅಂಡರ್‌ಪ್ಯಾಂಟ್ಸ್ ಆದ. ಈಗ ಅಮೆರಿಕದ ಮಕ್ಕಳು ಮುಗಿಬಿದ್ದು ಓದುವ ಡಾಗ್ ಮ್ಯಾನ್ ಪುಸ್ತಕಗಳು ಅವರವೇ. ಆ ಕಥೆಯನ್ನು ಇಬ್ಬರು ಶಾಲಾ ಹುಡುಗರು ಸೇರಿ ಬರೆದದ್ದು ಎಂದೇ ಪುಸ್ತಕದಲ್ಲಿ ತೋರಿಸುತ್ತಾರೆ. ಒಬ್ಬ ಬರೆಯುವವನು, ಒಬ್ಬ ಚಿತ್ರ ಬಿಡಿಸುವವನು. ಗ್ಲೆನ್‌ವಿಲ್ ಹೈಸ್ಕೂಲಿನ ಇಬ್ಬರು ಮತ್ತೆ ಹುಟ್ಟಿಬಂದಂತೆ.

ಈ ಲೇಖನ ಬರೆಯಲು ಕುಳಿತ ಮೇಲೆ ನನ್ನ ಹಳೆಯ ಗೆಳೆಯನ ನಂಬರು ಹುಡುಕಿ ಫೋನ್ ಮಾಡಿದೆ. ಮುಂಬೈ ಬಿಟ್ಟು ಊರಿಗೆ ಬಂದು ಚಿಕ್ಕದೊಂದು ಅಂಗಡಿ ಇಟ್ಟುಕೊಂಡಿದ್ದಾನೆ. ಗೋಡೆ ಪತ್ರಿಕೆಯ ವಿಷಯ ಹೇಳಿ, ತಪ್ಪಾಯಿತು, ಈಗಲಾದರೂ ಸ್ಮರಣ ಸಂಚಿಕೆಯಲ್ಲಿ ನಿನ್ನ ಹೆಸರು ಬರೆಯುತ್ತೇನೆ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಮರೆತಿರಲಿಲ್ಲ ಎಂದು ಆ ಮೌನದಲ್ಲೇ ಗೊತ್ತಾಯಿತು. ಆಮೇಲೆ ನಕ್ಕು, "ನನ್ನ ಹೆಸರು ಈಗ ಬೇಡ ಮಾರಾಯ, ಅಂಗಡಿಗೆ ಬಂದವರೆಲ್ಲ ಕೇಳ್ತಾರೆ. ಆ ಪುಸ್ತಕದಲ್ಲಿ ಈಗಿನ ಮಕ್ಕಳ ಚಿತ್ರ ಹಾಕ್ತಾರಲ್ಲ, ಅದರ ಕೆಳಗೆ ಅವರವರ ಹೆಸರು ಹಾಕಿಸು. ಬಣ್ಣ ತುಂಬಿದ ಮಗು ಬೇರೆ ಇದ್ರೆ ಅದರದ್ದೂ ಹಾಕಿಸು" ಎಂದ.

ಸಂಪಾದಕ ಸಮಿತಿಯವರಿಗೆ ಈ ಮಾತು ತಲಪಿಸಿದ್ದೇನೆ, ಅವರು ಒಪ್ಪಿದ್ದಾರೆ. ಓದುಗರು ಮುಂದಿನ ಪುಟಗಳಲ್ಲಿ ಮಕ್ಕಳ ಚಿತ್ರಗಳನ್ನು ನೋಡುವಾಗ ಕೆಳಗಿನ ಹೆಸರನ್ನೂ ಒಮ್ಮೆ ಓದಬೇಕಾಗಿ ವಿನಂತಿ.